ಹದಿಹರೆಯದವರಲ್ಲಿ ಮೆಟಬಾಲಿಕ್ ಸಿಂಡ್ರೋಮ್ ಅಪಾಯವನ್ನು ಅಂದಾಜು ಮಾಡುವ ಬಗೆ: ಅಳತೆ ಟೇಪಿನಿಂದ ರಕ್ತಪರೀಕ್ಷೆಯ ವರದಿಯವರೆಗೆ

ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಬಡಾವಣೆಯ ಕನ್ನಡಿಗರು ಸೇರಿ ನಡೆಸುವ ಮಕ್ಕಳ ಆರೋಗ್ಯ ತಪಾಸಣೆಯಲ್ಲಿ ಎತ್ತರ, ತೂಕ, ಸುತ್ತಳತೆ ಬರೆದುಕೊಳ್ಳುವ ಮೇಜು ಹಲವು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ಆ ಮೇಜಿನ ಮುಂದೆ ಒಮ್ಮೆ ಒಬ್ಬ ತಾಯಿ ಮಗಳ ಅಂಗಿಯ ಕಾಲರನ್ನು ತುಸು ಸರಿಸಿ, “ಕಡಲೆಹಿಟ್ಟು, ನಿಂಬೆಹಣ್ಣು ಎಲ್ಲ ಹಚ್ಚಿ ತಿಕ್ಕಿ ಆಯ್ತು, ಈ ಕೊಳೆ ಮಾತ್ರ ಹೋಗೋದೇ ಇಲ್ಲ” ಎಂದರು. ಹುಡುಗಿಯ ಕುತ್ತಿಗೆಯ ಹಿಂಭಾಗದ ಚರ್ಮ ಕಪ್ಪಾಗಿ, ಮುಟ್ಟಿದರೆ ಮಖಮಲ್ಲಿನ ಬಟ್ಟೆಯಂತೆ ದಪ್ಪವಾಗಿತ್ತು. ತಿಕ್ಕಿದ ಜಾಗದ ಅಂಚು ಕೆಂಪಾಗಿತ್ತು. ಅದು ಕೊಳೆಯಲ್ಲ. ವೈದ್ಯರು ಅಕಾಂಥೋಸಿಸ್ ನೈಗ್ರಿಕಾನ್ಸ್ ಎಂದು ಕರೆಯುವ ಈ ಬದಲಾವಣೆ, ದೇಹ ತನ್ನದೇ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸದೆ ಇರುವಾಗ, ರಕ್ತದಲ್ಲಿ ಹೆಚ್ಚಾದ ಇನ್ಸುಲಿನ್ ಚರ್ಮದ ಕೋಶಗಳನ್ನು ಬೆಳೆಸುವುದರಿಂದ ಕಾಣಿಸಿಕೊಳ್ಳುತ್ತದೆ. ಯಾವ ಹಿಟ್ಟಿನಿಂದ ತಿಕ್ಕಿದರೂ ಹೋಗುವುದಿಲ್ಲ.

ಹೊಟ್ಟೆಯ ಸುತ್ತ ಕೊಬ್ಬು, ಏರಿದ ರಕ್ತದೊತ್ತಡ, ಏರಿದ ಸಕ್ಕರೆ, ಏರಿದ ಟ್ರೈಗ್ಲಿಸರೈಡ್ (ರಕ್ತದಲ್ಲಿನ ಒಂದು ಬಗೆಯ ಕೊಬ್ಬು), ಇಳಿದ ಎಚ್‌ಡಿಎಲ್ (‘ಒಳ್ಳೆಯ’ ಕೊಲೆಸ್ಟ್ರಾಲ್), ಈ ಐದರಲ್ಲಿ ಹಲವು ಒಂದೇ ದೇಹದಲ್ಲಿ ಕೂಡಿಬರುವುದಕ್ಕೆ ಮೆಟಬಾಲಿಕ್ ಸಿಂಡ್ರೋಮ್ ಎಂದು ಹೆಸರು. ಇವುಗಳಲ್ಲಿ ಹೆಚ್ಚಿನವು ಆಕಸ್ಮಿಕವಾಗಿ ಒಟ್ಟಿಗೆ ಬರುವುದಿಲ್ಲ, ಇವುಗಳ ಹಿಂದೆ ಇನ್ಸುಲಿನ್ ಪ್ರತಿರೋಧವಿದೆ ಎಂದು ಅಮೆರಿಕದ ವೈದ್ಯ ಜೆರಾಲ್ಡ್ ರೀವನ್ 1988ರ ತಮ್ಮ ಉಪನ್ಯಾಸದಲ್ಲಿ ವಿವರಿಸಿದ್ದರು. ಅವರು ಆಗ ಇದನ್ನು ‘ಸಿಂಡ್ರೋಮ್ ಎಕ್ಸ್’ ಎಂದು ಕರೆದಿದ್ದರು. ದೊಡ್ಡವರ ವಿಷಯದಲ್ಲಿ ಇದನ್ನು ಗುರುತಿಸುವುದು ಅಷ್ಟೇನೂ ಕಷ್ಟವಲ್ಲ. ಬೆಳೆಯುವ ವಯಸ್ಸಿನಲ್ಲಿ ಮಾತ್ರ ಎಲ್ಲವೂ ಚಲಿಸುತ್ತಿರುತ್ತದೆ: ಎತ್ತರ ಏರುತ್ತದೆ, ಕೊಬ್ಬು ಜಾಗ ಬದಲಿಸುತ್ತದೆ, ಪ್ರೌಢಾವಸ್ಥೆಯ ನಡುವೆ ಆರೋಗ್ಯವಂತ ಮಕ್ಕಳಲ್ಲೂ ಇನ್ಸುಲಿನ್ ಪ್ರತಿರೋಧ ಸ್ವಲ್ಪ ಕಾಲ ಹೆಚ್ಚಿ ಮತ್ತೆ ಇಳಿಯುತ್ತದೆ. ಆದ್ದರಿಂದಲೇ ಈ ವರ್ಷ ‘ಇದೆ’ ಎಂದು ಬರೆಸಿಕೊಂಡ ಹುಡುಗ ಮುಂದಿನ ವರ್ಷ ‘ಇಲ್ಲ’ ಎನ್ನಿಸಿಕೊಳ್ಳುವುದುಂಟು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2017ರಲ್ಲಿ, ಮಕ್ಕಳಿಗೆ ಈ ಹಣೆಪಟ್ಟಿ ಹಚ್ಚುವುದಕ್ಕಿಂತ ಅಪಾಯದ ಅಂಶಗಳು ಎಷ್ಟು, ಹೇಗೆ ಗುಂಪುಗೂಡುತ್ತಿವೆ ಎಂಬುದನ್ನು ನೋಡುವುದು ಲೇಸು ಎಂದು ಹೇಳಿತು. ಮೇಜಿನ ಅನುಭವದಿಂದ ನನಗೂ ಅದೇ ಸರಿ ಎನ್ನಿಸಿದೆ. ಮುಂದಿನ ಹೆಜ್ಜೆಗಳನ್ನೆಲ್ಲ ಆ ದೃಷ್ಟಿಯಿಂದಲೇ ಬರೆದಿದ್ದೇನೆ. ಮೊದಲ ನಾಲ್ಕು ಹೆಜ್ಜೆಗಳನ್ನು ಮನೆಯವರೂ ಶಾಲೆಯವರೂ ಮಾಡಬಹುದು. ಉಳಿದವುಗಳಿಗೆ ಮಕ್ಕಳ ವೈದ್ಯರು ಬೇಕು.

ಮೊದಲ ಹೆಜ್ಜೆ: ಹಿನ್ನೆಲೆಯನ್ನು ಕೇಳಿ ಬರೆದುಕೊಳ್ಳುವುದು

ತಕ್ಕಡಿ ತರುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಮಗು ಹುಟ್ಟಿದಾಗಿನ ತೂಕ ಎಷ್ಟು, ಬಸುರಿನಲ್ಲಿ ತಾಯಿಗೆ ಸಕ್ಕರೆ ಕಾಯಿಲೆ ಕಾಣಿಸಿತ್ತೇ, ತಂದೆ, ತಾಯಿ, ಒಡಹುಟ್ಟಿದವರು, ಅಜ್ಜ, ಅಜ್ಜಿ, ಮಾವ, ಚಿಕ್ಕಪ್ಪ ಇವರಲ್ಲಿ ಯಾರಿಗೆ ಸಕ್ಕರೆ, ಬಿಪಿ ಇದೆ, ಯಾರಿಗಾದರೂ ಚಿಕ್ಕ ವಯಸ್ಸಿನಲ್ಲೇ ಹೃದಯಾಘಾತ ಆಗಿತ್ತೇ ಎಂದು ಕೇಳಬೇಕು. ನಮ್ಮ ಮನೆಗಳಲ್ಲಿ ಈ ಪ್ರಶ್ನೆಗೆ ಮೊದಲು ಬರುವ ಉತ್ತರ ‘ಯಾರಿಗೂ ಏನೂ ಇಲ್ಲ’ ಎಂಬುದು. ‘ಅಜ್ಜಿ ಬೆಳಿಗ್ಗೆ ಯಾವ ಮಾತ್ರೆ ತೆಗೆದುಕೊಳ್ಳುತ್ತಾರೆ?’ ಎಂದು ಕೇಳಿದರೆ ಉತ್ತರ ಬದಲಾಗುತ್ತದೆ.

ಹುಟ್ಟಿದಾಗಿನ ತೂಕಕ್ಕೆ ಇಷ್ಟು ಮಹತ್ವ ಏಕೆಂಬುದಕ್ಕೆ ಉತ್ತರ ನಮ್ಮ ಪಕ್ಕದ ಪುಣೆಯಲ್ಲೇ ಇದೆ. ಅಲ್ಲಿನ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ ಯಾಜ್ಞಿಕ್ ಮತ್ತು ಸಂಗಡಿಗರು 1993ರಲ್ಲಿ ಪುಣೆ ಸುತ್ತಲಿನ ಹಳ್ಳಿಗಳಲ್ಲಿ ಗರ್ಭಿಣಿಯರ ಅಧ್ಯಯನವನ್ನು ಆರಂಭಿಸಿದರು. ಅಲ್ಲಿನ ಶಿಶುಗಳ ಸರಾಸರಿ ತೂಕ ಸುಮಾರು 2.7 ಕಿಲೊ, ಹೋಲಿಕೆಗೆ ತೆಗೆದುಕೊಂಡ ಇಂಗ್ಲೆಂಡಿನ ಸೌತಾಂಪ್ಟನ್ ಶಿಶುಗಳದ್ದು ಸುಮಾರು 3.5 ಕಿಲೊ. ಆದರೆ ಸಣಕಲಾಗಿದ್ದ ಪುಣೆಯ ಶಿಶುಗಳಲ್ಲಿ ಸ್ನಾಯು ಕಡಿಮೆಯಾಗಿದ್ದಷ್ಟು ಕೊಬ್ಬು ಕಡಿಮೆಯಾಗಿರಲಿಲ್ಲ. 2004ರಲ್ಲಿ ಯಾಜ್ಞಿಕ್ ಅವರೂ ಲಂಡನ್ನಿನ ಜಾನ್ ಯುಡ್ಕಿನ್ ಅವರೂ ಅಕ್ಕಪಕ್ಕ ನಿಂತ ಚಿತ್ರವೊಂದು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು: ಇಬ್ಬರ ಬಿಎಂಐಯೂ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 22.3, ಆದರೆ ದೇಹದ ಕೊಬ್ಬು ಯುಡ್ಕಿನ್ ಅವರಲ್ಲಿ ಶೇ. 9.1, ಯಾಜ್ಞಿಕ್ ಅವರಲ್ಲಿ ಶೇ. 21.2. ‘ನಮ್ಮ ಹುಡುಗ ತೆಳ್ಳಗಿದ್ದಾನೆ, ಅವನಿಗೇಕೆ ಪರೀಕ್ಷೆ’ ಎನ್ನುವವರಿಗೆ ನಾನು ಹೇಳುವುದು ಈ ಎರಡು ಅಂಕಿಗಳನ್ನು. ಹುಟ್ಟುವಾಗ 2.5 ಕಿಲೊಗಿಂತ ಕಡಿಮೆಯಿದ್ದು, ಆಮೇಲೆ ಬೇಗ ಬೇಗ ತೂಕ ಏರಿಸಿಕೊಂಡ ಮಗುವಿನ ಹೆಸರಿನ ಮುಂದೆ ಒಂದು ಗುರುತು ಹಾಕಿಡಿ.

ದಿನಚರಿಯ ಬಗ್ಗೆ ಸಂಕ್ಷಿಪ್ತವಾಗಿ ಕೇಳಿದರೆ ಸಾಕು, ಆದರೆ ಗಡಿಯಾರದ ಲೆಕ್ಕದಲ್ಲಿ ಕೇಳಿ. ಮುಂಬಯಿಯ ಹತ್ತನೆಯ ತರಗತಿಯ ಹುಡುಗ ಶಾಲೆಯಿಂದ ನೇರವಾಗಿ ಟ್ಯೂಷನ್ ಕ್ಲಾಸಿಗೆ ಹೋಗಿ, ಸ್ಟೇಷನ್ನಿನ ಬಳಿ ವಡಾಪಾವ್ ತಿಂದು, ರಾತ್ರಿ ಹತ್ತೂವರೆಗೆ ಊಟ ಮಾಡಿ, ಒಂದು ಗಂಟೆಗೆ ಮಲಗಿ ಆರಕ್ಕೆ ಏಳುತ್ತಿದ್ದರೆ ನಿದ್ದೆ ಐದೇ ಗಂಟೆ. ಈ ವಯಸ್ಸಿಗೆ ಬೇಕಾದುದು 8ರಿಂದ 10 ಗಂಟೆ. ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಜೋರಾದ ಗೊರಕೆ, ಹುಡುಗಿಯರಲ್ಲಿ ತಿಂಗಳುಗಟ್ಟಲೆ ಮುಂದೆ ಹೋಗುವ ಮುಟ್ಟು, ಸ್ಟೀರಾಯ್ಡ್ ಔಷಧಿಗಳ ಬಳಕೆ, ಸಿಗರೇಟು, ಇವನ್ನೂ ಹಾಳೆಯಲ್ಲಿ ಸೇರಿಸಿ. ಕೊನೆಯ ಪ್ರಶ್ನೆಯನ್ನು ಅಪ್ಪ ಅಮ್ಮನ ಎದುರಿಗೆ ಕೇಳಬೇಡಿ.

ಎರಡನೆಯ ಹೆಜ್ಜೆ: ಎತ್ತರ, ತೂಕ, ಬಿಎಂಐ

ಚಪ್ಪಲಿ ಬಿಚ್ಚಿಸಿ, ಹಿಮ್ಮಡಿ ಮತ್ತು ಬೆನ್ನು ಗೋಡೆಗೆ ತಾಗುವಂತೆ ನಿಲ್ಲಿಸಿ, ಹುಡುಗಿಯರ ಜುಟ್ಟು ಸಡಿಲಿಸಿ ಎತ್ತರ ತೆಗೆಯಬೇಕು. ತೂಕವನ್ನು ಎತ್ತರದ (ಮೀಟರಿನಲ್ಲಿ) ವರ್ಗದಿಂದ ಭಾಗಿಸಿದರೆ ಬಿಎಂಐ. ಇಲ್ಲಿ ಹೆಚ್ಚಿನವರು ಎಡವುವುದು ದೊಡ್ಡವರ ಕೋಷ್ಟಕವನ್ನು ಮಕ್ಕಳಿಗೆ ಹಚ್ಚುವುದರಲ್ಲಿ. ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ 2015ರಲ್ಲಿ 5ರಿಂದ 18 ವರ್ಷದವರಿಗಾಗಿ ಪ್ರಕಟಿಸಿದ ಬೆಳವಣಿಗೆಯ ಚಾರ್ಟುಗಳಲ್ಲಿ, ದೊಡ್ಡವರ ಬಿಎಂಐ 23 ಮತ್ತು 27ಕ್ಕೆ ಸಮನಾದ ಎರಡು ರೇಖೆಗಳು ವಯಸ್ಸಿಗೆ ತಕ್ಕಂತೆ ಏರುತ್ತ ಹೋಗುತ್ತವೆ. ಮೊದಲ ರೇಖೆ ದಾಟಿದರೆ ಅಧಿಕ ತೂಕ, ಎರಡನೆಯದನ್ನು ದಾಟಿದರೆ ಬೊಜ್ಜು. ಹುಡುಗರಿಗೂ ಹುಡುಗಿಯರಿಗೂ ಬೇರೆ ಬೇರೆ ಚಾರ್ಟುಗಳಿವೆ ಎಂಬುದನ್ನು ಮರೆಯಬಾರದು. ಹಳೆಯ ಅಳತೆಗಳು ಶಾಲೆಯ ಪ್ರಗತಿಪತ್ರದಲ್ಲಿ ಇದ್ದೇ ಇರುತ್ತವೆ. ಅವನ್ನೂ ಚುಕ್ಕಿ ಇಟ್ಟು ಜೋಡಿಸಿದರೆ, ಇಂದಿನ ಚುಕ್ಕಿಯೊಂದೇ ಹೇಳದ್ದನ್ನು ರೇಖೆಯ ಓಟ ಹೇಳುತ್ತದೆ.

ಮೂರನೆಯ ಹೆಜ್ಜೆ: ಸೊಂಟದ ಸುತ್ತಳತೆ

ಒಂದೇ ಅಳತೆ ತೆಗೆಯಲು ಸಮಯವಿದೆ ಎಂದರೆ ನಾನು ತೆಗೆಯುವುದು ಇದನ್ನೇ. ಹೊಟ್ಟೆಯೊಳಗೆ, ಕರುಳು ಮತ್ತು ಲಿವರಿನ ಸುತ್ತ ಸೇರುವ ಕೊಬ್ಬೇ ಈ ತೊಂದರೆಯ ನಡುಮನೆ. ತಕ್ಕಡಿ ಅದನ್ನು ತೋರಿಸದು, ಟೇಪು ಸ್ವಲ್ಪ ಮಟ್ಟಿಗೆ ತೋರಿಸುತ್ತದೆ.

ಪ್ಯಾಂಟಿನ ಸೈಜು ಸುತ್ತಳತೆಯಲ್ಲ. ಹುಡುಗರು ಪ್ಯಾಂಟನ್ನು ಹೊಟ್ಟೆಯ ಕೆಳಗೆ ಕಟ್ಟಿಕೊಂಡು ‘ಮೂವತ್ತು’ ಎನ್ನುತ್ತಾರೆ. ಪಕ್ಕೆಯಲ್ಲಿ ಕೈಯಿಟ್ಟು ಕೊನೆಯ ಪಕ್ಕೆಲುಬಿನ ಕೆಳಗಂಚನ್ನು ಹುಡುಕಿ. ಅದೇ ಪಕ್ಕೆಯಲ್ಲಿ ಸೊಂಟದ ಮೂಳೆಯ ಮೇಲಂಚನ್ನು ಹುಡುಕಿ. ಇವೆರಡರ ನಟ್ಟನಡುವೆ ಪೆನ್ನಿನಿಂದ ಚಿಕ್ಕ ಗುರುತು ಹಾಕಿ. ಎರಡೂ ಪಾದಗಳ ಮೇಲೆ ಸಮಭಾರ ಬಿಟ್ಟು, ಕೈ ಇಳಿಬಿಟ್ಟು ನಿಂತಿರುವಾಗ, ಜಗ್ಗದ ಟೇಪನ್ನು ಗುರುತಿನ ಮೇಲೆ ನೆಲಕ್ಕೆ ಸಮಾನಾಂತರವಾಗಿ ಸುತ್ತಿ. ಬೆನ್ನ ಹಿಂದೆ ಟೇಪು ಕೆಳಗೆ ಜಾರಿದೆಯೇ ಎಂದು ಇನ್ನೊಬ್ಬರು ನೋಡಬೇಕು. ತಪ್ಪು ಹೆಚ್ಚಾಗಿ ಆಗುವುದು ಅಲ್ಲೇ. ಟೇಪು ಚರ್ಮಕ್ಕೆ ತಾಗಿರಬೇಕು, ಒತ್ತಿ ಗೆರೆ ಮೂಡಿಸಬಾರದು. ಸಹಜವಾಗಿ ಉಸಿರು ಬಿಟ್ಟ ಕೊನೆಯಲ್ಲಿ ಓದಿ. ಟೇಪು ತಾಗಿದ ಕೂಡಲೇ ಎಲ್ಲ ಮಕ್ಕಳೂ ಹೊಟ್ಟೆ ಒಳಗೆಳೆದುಕೊಳ್ಳುತ್ತಾರೆ. ‘ನಿನ್ನೆ ಮ್ಯಾಚ್ ನೋಡಿದ್ಯಾ?’ ಎಂದು ಕೇಳಿದರೆ ಉತ್ತರ ಕೊಡುವಾಗ ಹೊಟ್ಟೆ ತಾನಾಗಿ ಸಡಿಲಾಗುತ್ತದೆ. ಎರಡು ಸಲ ಅಳೆದು, ಒಂದು ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮೂರನೆಯ ಸಲ ಅಳೆಯಿರಿ.

ಹುಡುಗಿಯರನ್ನು ಹೆಂಗಸರೇ, ಪರದೆಯ ಹಿಂದೆ ಅಳೆಯಬೇಕು. ಅಂಕಿಯನ್ನು ಕೂಗಿ ಹೇಳದೆ ಹಾಳೆಯಲ್ಲಿ ಬರೆಯಬೇಕು. ಸಾಲಿನಲ್ಲಿ ನಿಂತ ಗೆಳತಿಯರ ಕಿವಿಗೆ ಬಿದ್ದ ಒಂದು ಅಂಕಿ, ಹದಿನಾಲ್ಕರ ಹುಡುಗಿ ಊಟ ಬಿಡಲು ಸಾಕಾಗುತ್ತದೆ.

ಬಂದ ಅಂಕಿಯನ್ನು ಎರಡು ರೀತಿಯಲ್ಲಿ ನೋಡಬಹುದು. ಸರಳವಾದ ರೀತಿ, ಅದನ್ನು ಎತ್ತರದಿಂದ ಭಾಗಿಸುವುದು: 0.5 ಅಥವಾ ಅದಕ್ಕಿಂತ ಹೆಚ್ಚು ಬಂದರೆ, ಎಂದರೆ ಸೊಂಟವು ಎತ್ತರದ ಅರ್ಧವನ್ನು ಮುಟ್ಟಿದರೆ, ಮುಂದಿನ ಪರೀಕ್ಷೆ ಬೇಕು. ಇನ್ನೊಂದು ರೀತಿ, ವಯಸ್ಸು ಮತ್ತು ಲಿಂಗಕ್ಕೆ ಅನುಸಾರವಾದ ಪರ್ಸೆಂಟೈಲ್ ಕೋಷ್ಟಕ, ಎಂದರೆ ಅದೇ ವಯಸ್ಸಿನ ನೂರು ಮಕ್ಕಳಲ್ಲಿ ಎಷ್ಟು ಮಂದಿಗಿಂತ ಈ ಅಳತೆ ಹೆಚ್ಚು ಎಂಬ ಲೆಕ್ಕ. ಭಾರತೀಯ ಮಕ್ಕಳಿಗಾಗಿ ಇಂಥ ಕೋಷ್ಟಕವನ್ನು ಸಿದ್ಧಪಡಿಸಿದ ಪುಣೆಯ ಖಾಡಿಲಕರ್ ದಂಪತಿಯ ತಂಡ, ನಮ್ಮ ಮಕ್ಕಳಲ್ಲಿ 70ನೆಯ ಪರ್ಸೆಂಟೈಲ್ ದಾಟಿದಾಗಲೇ ಎಚ್ಚರ ವಹಿಸಬೇಕೆಂದು ಸೂಚಿಸಿದೆ. ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟದ ಮಾನದಂಡ 90ನೆಯ ಪರ್ಸೆಂಟೈಲ್. ಇವೆರಡನ್ನು ಗೊಂದಲ ಮಾಡಿಕೊಳ್ಳಬೇಡಿ: ಮೊದಲನೆಯದು ಜರಡಿ ಹಿಡಿಯಲು, ಎರಡನೆಯದು ಹೆಸರಿಡಲು.

ನಾಲ್ಕನೆಯ ಹೆಜ್ಜೆ: ಚರ್ಮ ಮತ್ತು ರಕ್ತದೊತ್ತಡ

ಕುತ್ತಿಗೆಯ ಹಿಂಭಾಗ, ಕಂಕುಳು, ಬೆರಳಿನ ಗೆಣ್ಣುಗಳ ಮೇಲೆ ಕಪ್ಪು ಮಖಮಲ್ಲಿನಂಥ ಚರ್ಮವಿದೆಯೇ ಎಂದು ನೋಡಿ. ಹುಡುಗಿಯರಲ್ಲಿ ಗಲ್ಲದ ಮೇಲೆ ಒರಟು ಕೂದಲು, ಬಿಡದ ಮೊಡವೆ ಮತ್ತು ಏರುಪೇರಾದ ಮುಟ್ಟು ಒಟ್ಟಿಗೆ ಇದ್ದರೆ ಪಿಸಿಓಎಸ್ (ಅಂಡಾಶಯಕ್ಕೆ ಸಂಬಂಧಿಸಿದ ಹಾರ್ಮೋನಿನ ಏರುಪೇರು) ಬಗ್ಗೆ ವೈದ್ಯರನ್ನು ಕೇಳಬೇಕು.

ರಕ್ತದೊತ್ತಡದ ವಿಷಯದಲ್ಲಿ ಯಂತ್ರಕ್ಕಿಂತ ಕಫ್ (ತೋಳಿಗೆ ಸುತ್ತುವ ಪಟ್ಟಿ) ಮುಖ್ಯ. ಕಫ್‌ನೊಳಗಿನ ಗಾಳಿಚೀಲದ ಅಗಲ ತೋಳಿನ ಸುತ್ತಳತೆಯ ಕನಿಷ್ಠ ಶೇ. 40ರಷ್ಟೂ, ಉದ್ದ ಶೇ. 80ರಿಂದ 100ರಷ್ಟೂ ಇರಬೇಕು. ದಪ್ಪ ತೋಳಿಗೆ ಚಿಕ್ಕ ಕಫ್ ಕಟ್ಟಿದರೆ ಇಲ್ಲದ ಬಿಪಿ ಕಾಣಿಸುತ್ತದೆ. ಸಣ್ಣ ತೋಳಿಗೆ ದೊಡ್ಡದನ್ನು ಕಟ್ಟಿದರೆ ಇರುವ ಬಿಪಿ ಅಡಗುತ್ತದೆ. ಐದು ನಿಮಿಷ ಸುಮ್ಮನೆ ಕೂರಿಸಿ, ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೆ ತಾಗಿಸಿ, ಬಲಗೈಯನ್ನು ಹೃದಯದ ಮಟ್ಟದಲ್ಲಿಟ್ಟು ನೋಡಬೇಕು. ಲೋಕಲ್ ಗಾಡಿಯ ನೂಕುನುಗ್ಗಲಿನಿಂದ ಇಳಿದು ಓಡಿ ಬಂದ ಹುಡುಗನ ಬಿಪಿಯನ್ನು ಬಾಗಿಲಲ್ಲೇ ನೋಡಿ ಗಾಬರಿಯಾದ ಪ್ರಸಂಗ ನಮ್ಮಲ್ಲೂ ನಡೆದಿದೆ. ತಪ್ಪು ಹುಡುಗನ ರಕ್ತನಾಳದ್ದಲ್ಲ, ನಮ್ಮ ಅವಸರದ್ದು.

2017ರ ಅಮೆರಿಕದ ಮಾರ್ಗಸೂಚಿಯಂತೆ 13 ವರ್ಷ ತುಂಬಿದವರಿಗೆ 120/80ಕ್ಕಿಂತ ಕಡಿಮೆ ಇದ್ದರೆ ಸಹಜ. ಮೇಲಿನ ಅಂಕಿ 120ರಿಂದ 129ರವರೆಗಿದ್ದು ಕೆಳಗಿನದು 80ಕ್ಕಿಂತ ಕಡಿಮೆಯಿದ್ದರೆ ‘ಏರಿದ’ ಒತ್ತಡ. 130/80 ಮುಟ್ಟಿದರೆ ಅಧಿಕ ರಕ್ತದೊತ್ತಡದ ಮೊದಲ ಹಂತ. 140/90 ಮುಟ್ಟಿದರೆ ಎರಡನೆಯ ಹಂತ. 13ಕ್ಕಿಂತ ಚಿಕ್ಕವರಿಗೆ ವಯಸ್ಸು, ಲಿಂಗ, ಎತ್ತರ ಮೂರನ್ನೂ ನೋಡುವ ಕೋಷ್ಟಕ ಬೇಕು. ಒಂದು ದಿನದ ಅಂಕಿಯಿಂದ ತೀರ್ಮಾನಕ್ಕೆ ಬರುವಂತಿಲ್ಲ. ಮೂರು ಬೇರೆ ಬೇರೆ ಭೇಟಿಗಳಲ್ಲಿ ಹೆಚ್ಚಿದ್ದರೆ ಮಾತ್ರ ಅದು ಅಧಿಕ ರಕ್ತದೊತ್ತಡ.

ಐದನೆಯ ಹೆಜ್ಜೆ: ಯಾರಿಗೆ ರಕ್ತಪರೀಕ್ಷೆ, ಯಾವ ಪರೀಕ್ಷೆ

ಎಲ್ಲ ಮಕ್ಕಳಿಗೂ ‘ಫುಲ್ ಬಾಡಿ ಪ್ಯಾಕೇಜ್’ ಮಾಡಿಸುವುದು ದುಡ್ಡಿಗೂ ದಂಡ, ನೆಮ್ಮದಿಗೂ ದಂಡ. ಹತ್ತು ವರ್ಷ ತುಂಬಿದ ಅಥವಾ ಪ್ರೌಢಾವಸ್ಥೆಗೆ ಕಾಲಿಟ್ಟ, ಅಧಿಕ ತೂಕದ ರೇಖೆಯನ್ನೋ ಸೊಂಟದ ಮಿತಿಯನ್ನೋ ದಾಟಿದ ಮಗುವಿಗೆ, ಜೊತೆಗೆ ಮನೆತನದ ಸಕ್ಕರೆ ಕಾಯಿಲೆ, ತಾಯಿಯ ಬಸುರಿನ ಸಕ್ಕರೆ, ಕಡಿಮೆ ಜನನ ತೂಕ, ಕಪ್ಪು ಕುತ್ತಿಗೆ, ಏರಿದ ಬಿಪಿ, ಪಿಸಿಓಎಸ್ ಇವುಗಳಲ್ಲಿ ಒಂದಾದರೂ ಇದ್ದರೆ ಪರೀಕ್ಷೆ ಬೇಕು.

ಪರೀಕ್ಷೆಗಳು ನಾಲ್ಕೇ: ಖಾಲಿ ಹೊಟ್ಟೆಯ ಗ್ಲೂಕೋಸ್, ಲಿಪಿಡ್ ಪ್ರೊಫೈಲ್ (ರಕ್ತದಲ್ಲಿನ ಕೊಬ್ಬುಗಳು), ಎಚ್‌ಬಿಎ1ಸಿ (ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ), ಲಿವರಿನ ಕಿಣ್ವವಾದ ಎಎಲ್‌ಟಿ. ಹಿಂದಿನ ರಾತ್ರಿ ಊಟವಾದ ಮೇಲೆ 8ರಿಂದ 12 ಗಂಟೆ ನೀರು ಬಿಟ್ಟು ಬೇರೇನೂ ಸೇವಿಸಬಾರದು. ‘ಒಂದು ಲೋಟ ಚಹಾ ಅಷ್ಟೇ’ ಎಂಬುದು ಉಪವಾಸವಲ್ಲ. ಅದರಲ್ಲಿರುವ ಹಾಲು, ಸಕ್ಕರೆ ಎರಡೂ ಲೆಕ್ಕ ಕೆಡಿಸುತ್ತವೆ. ಜ್ವರವಿದ್ದಾಗ, ಮದುವೆಮನೆಯ ಊಟದ ಮರುದಿನ ಪರೀಕ್ಷೆ ಬೇಡ.

ಗ್ಲೂಕೋಸ್ 100ರಿಂದ 125 ಮಿಲಿಗ್ರಾಂ ಇದ್ದರೆ ಸಕ್ಕರೆ ಕಾಯಿಲೆಯ ಮುನ್ನಿನ ಸ್ಥಿತಿ. 126 ಅಥವಾ ಹೆಚ್ಚಿದ್ದು, ಮತ್ತೊಮ್ಮೆ ನೋಡಿದಾಗಲೂ ಹಾಗೇ ಬಂದರೆ ಸಕ್ಕರೆ ಕಾಯಿಲೆ. ಎಚ್‌ಬಿಎ1ಸಿಯಲ್ಲಿ ಈ ಎರಡು ಗಡಿಗಳು 5.7 ಮತ್ತು 6.5. ಆದರೆ ಕಬ್ಬಿಣಾಂಶದ ಕೊರತೆಯ ರಕ್ತಹೀನತೆಯಲ್ಲಿ ಎಚ್‌ಬಿಎ1ಸಿ ಸುಳ್ಳಾಗಿ ಹೆಚ್ಚು ತೋರಿಸಬಹುದು. ನಮ್ಮ ಹುಡುಗಿಯರಲ್ಲಿ ರಕ್ತಹೀನತೆ ಎಷ್ಟು ಸಾಮಾನ್ಯವೆಂದು ಎಲ್ಲರಿಗೂ ಗೊತ್ತು, ಆದ್ದರಿಂದ ಹಿಮೋಗ್ಲೋಬಿನ್ ನೋಡದೆ 5.8ಕ್ಕೆ ಅಂಜಬೇಡಿ. ಸಂದೇಹ ಉಳಿದರೆ ವೈದ್ಯರು ದೇಹತೂಕದ ಕಿಲೊಗೆ 1.75 ಗ್ರಾಂನಂತೆ, 75 ಗ್ರಾಂ ಮೀರದಂತೆ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ನಂತರ ಮತ್ತೆ ನೋಡುತ್ತಾರೆ.

ಲಿಪಿಡ್ ವರದಿಯಲ್ಲಿ ಲ್ಯಾಬಿನವರು ಮುದ್ರಿಸುವ ‘ನಾರ್ಮಲ್’ ಸಾಮಾನ್ಯವಾಗಿ ದೊಡ್ಡವರದ್ದು. 10ರಿಂದ 19 ವರ್ಷದವರಲ್ಲಿ ಟ್ರೈಗ್ಲಿಸರೈಡ್ 90ಕ್ಕಿಂತ ಕಡಿಮೆ ಇರಬೇಕು, 130 ಆದರೆ ಹೆಚ್ಚು. ವರದಿಯಲ್ಲಿ 150ರವರೆಗೆ ಎಚ್ಚರಿಕೆಯ ಗುರುತೇ ಇಲ್ಲದಿರುವುದರಿಂದ 140 ಇದ್ದ ಹುಡುಗನ ಮನೆಯವರು ನಿಶ್ಚಿಂತರಾಗಿರುತ್ತಾರೆ. ಎಚ್‌ಡಿಎಲ್ 45ಕ್ಕಿಂತ ಹೆಚ್ಚಿದ್ದರೆ ಒಳ್ಳೆಯದು, 40ಕ್ಕಿಂತ ಕಡಿಮೆಯಾದರೆ ಅಪಾಯ. ಎಎಲ್‌ಟಿಯಲ್ಲೂ ಇದೇ ಕಥೆ: ವರದಿಯ ಮಿತಿ 40ರ ಆಸುಪಾಸಿನಲ್ಲಿದ್ದರೂ ಮಕ್ಕಳ ಮಿತಿ ಹುಡುಗರಲ್ಲಿ 26, ಹುಡುಗಿಯರಲ್ಲಿ 22, ಅದು ಎರಡರಷ್ಟು ಏರಿ ತಿಂಗಳುಗಳ ಕಾಲ ಹಾಗೇ ಉಳಿದರೆ ಕೊಬ್ಬಿದ ಲಿವರಿನ ತಪಾಸಣೆ ಬೇಕು.

ಇನ್ಸುಲಿನ್ ಪರೀಕ್ಷೆ ಮಾಡಿಸಿ ‘ಹೋಮಾ’ (ಇನ್ಸುಲಿನ್ ಪ್ರತಿರೋಧದ ಅಂದಾಜು) ಲೆಕ್ಕ ಹಾಕುವುದು ಈಗ ಫ್ಯಾಷನ್ನಿನಂತಾಗಿದೆ. ಪ್ರೌಢಾವಸ್ಥೆಯೇ ಇನ್ಸುಲಿನ್ ಮಟ್ಟವನ್ನು ಏರಿಸುವುದರಿಂದಲೂ, ಲ್ಯಾಬಿನಿಂದ ಲ್ಯಾಬಿಗೆ ಅಂಕಿ ಬದಲಾಗುವುದರಿಂದಲೂ ದಿನನಿತ್ಯದ ತಪಾಸಣೆಯಲ್ಲಿ ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಕುತ್ತಿಗೆಯನ್ನು ಒಮ್ಮೆ ನೋಡಿದರೆ ಅಷ್ಟೇ ವಿಷಯ ಪುಕ್ಕಟೆಯಾಗಿ ತಿಳಿಯುತ್ತದೆ.

ಆರನೆಯ ಹೆಜ್ಜೆ: ಕೂಡಿ ನೋಡುವುದು

ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟದ 2007ರ ವ್ಯಾಖ್ಯೆಯಂತೆ 10 ವರ್ಷದೊಳಗಿನವರಿಗೆ ಈ ಹೆಸರನ್ನು ಇಡುವಂತಿಲ್ಲ. 10ರಿಂದ 16ರೊಳಗಿನವರಲ್ಲಿ ಸೊಂಟ 90ನೆಯ ಪರ್ಸೆಂಟೈಲ್ ಮುಟ್ಟಿರಬೇಕು, ಅಥವಾ ದೊಡ್ಡವರ ಮಿತಿ ಅದಕ್ಕಿಂತ ಕಡಿಮೆಯಿದ್ದರೆ ಆ ಮಿತಿಯನ್ನು; ಜೊತೆಗೆ ಟ್ರೈಗ್ಲಿಸರೈಡ್ 150 (ಮೇಲೆ ಹೇಳಿದ ಎಚ್ಚರದ ಗಡಿ 130 ಅಲ್ಲ) ಅಥವಾ ಹೆಚ್ಚು, ಎಚ್‌ಡಿಎಲ್ 40ಕ್ಕಿಂತ ಕಡಿಮೆ, ರಕ್ತದೊತ್ತಡದಲ್ಲಿ ಮೇಲಿನದು 130 ಅಥವಾ ಕೆಳಗಿನದು 85, ಗ್ಲೂಕೋಸ್ 100 ಅಥವಾ ಹೆಚ್ಚು, ಈ ನಾಲ್ಕರಲ್ಲಿ ಎರಡಾದರೂ ಇರಬೇಕು. 16 ತುಂಬಿದವರಿಗೆ ದೊಡ್ಡವರ ನಿಯಮ: ದಕ್ಷಿಣ ಏಷ್ಯಾದ ಗಂಡಸರಿಗೆ ಸೊಂಟ 90 ಸೆಂಟಿಮೀಟರ್, ಹೆಂಗಸರಿಗೆ 80, ಹೆಂಗಸರ ಎಚ್‌ಡಿಎಲ್ ಮಿತಿ 50.

ಇಬ್ಬರನ್ನು ಊಹಿಸಿಕೊಳ್ಳಿ. ಒಬ್ಬ 15ರ ಹುಡುಗ: ಎತ್ತರ 166, ಸೊಂಟ 92, ಬಿಪಿ 126/78, ಗ್ಲೂಕೋಸ್ 94, ಟ್ರೈಗ್ಲಿಸರೈಡ್ 162, ಎಚ್‌ಡಿಎಲ್ 37. ಸೊಂಟ ದೊಡ್ಡವರ ಮಿತಿಯನ್ನೇ ದಾಟಿದೆ, ಲಿಪಿಡ್ ಎರಡೂ ಕೆಟ್ಟಿವೆ. ವ್ಯಾಖ್ಯೆಯಂತೆ ಇವನಿಗೆ ಮೆಟಬಾಲಿಕ್ ಸಿಂಡ್ರೋಮ್ ಇದೆ. ಇನ್ನೊಬ್ಬಳು 13ರ ಹುಡುಗಿ, ನೋಡಲು ತೆಳ್ಳಗೆ: ಎತ್ತರ 150, ತೂಕ 46, ಸೊಂಟ 77, ಬಿಪಿ 118/76, ಗ್ಲೂಕೋಸ್ 101, ಟ್ರೈಗ್ಲಿಸರೈಡ್ 138, ಎಚ್‌ಡಿಎಲ್ 41, ಹುಟ್ಟಿದಾಗ 2.1 ಕಿಲೊ, ತಾಯಿಗೆ ಬಸುರಿನಲ್ಲಿ ಸಕ್ಕರೆ, ಕುತ್ತಿಗೆ ಕಪ್ಪು. ನಾಲ್ಕರಲ್ಲಿ ಗ್ಲೂಕೋಸ್ ಒಂದೇ ಗಡಿ ದಾಟಿರುವುದರಿಂದ ಇವಳಿಗೆ ಆ ಹೆಸರು ಸಲ್ಲುವುದಿಲ್ಲ. ಆದರೆ ಸೊಂಟ ಎತ್ತರದ ಅರ್ಧವನ್ನು ದಾಟಿದೆ, ಉಳಿದ ಅಂಕಿಗಳೆಲ್ಲ ಗಡಿಯ ಬೇಲಿಗೆ ಒರಗಿ ನಿಂತಿವೆ, ಹಿನ್ನೆಲೆಯೂ ಭಾರವಾಗಿದೆ. ನನ್ನ ಮೇಜಿನಲ್ಲಿ ಈ ಹುಡುಗಿಯ ಹಾಳೆ ಹುಡುಗನ ಹಾಳೆಯ ಜೊತೆಗೇ ವೈದ್ಯರಿಗೆ ಹೋಗುತ್ತದೆ. ಹೆಸರು ಸಲ್ಲಲಿಲ್ಲವೆಂದು ಅವಳನ್ನು ಮನೆಗೆ ಕಳಿಸಿಬಿಡುವುದೇ ಈ ಕೆಲಸದಲ್ಲಿ ಆಗಬಹುದಾದ ದೊಡ್ಡ ತಪ್ಪು.

ಏಳನೆಯ ಹೆಜ್ಜೆ: ಮುಂದೇನು, ಯಾವಾಗ

ಅತಿಯಾದ ಬಾಯಾರಿಕೆ, ಪದೇ ಪದೇ ಮೂತ್ರ, ಕಾರಣವಿಲ್ಲದೆ ಇಳಿಯುವ ತೂಕ, ಇವು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ತಲೆನೋವು, ಮಂಜಾದ ದೃಷ್ಟಿಯೊಂದಿಗೆ ಎರಡನೆಯ ಹಂತದ ಬಿಪಿ ಇದ್ದರೂ ಹಾಗೆಯೇ. ಎತ್ತರ ಬೆಳೆಯುವುದು ನಿಂತು ತೂಕ ಮಾತ್ರ ಏರುತ್ತಿದ್ದರೆ, ಅಥವಾ ಹೊಟ್ಟೆಯ ಮೇಲೆ ಅಗಲವಾದ ನೇರಳೆ ಗೆರೆಗಳಿದ್ದರೆ, ಹಾರ್ಮೋನಿನ ಬೇರೆ ಕಾಯಿಲೆ ಇರಬಹುದಾದ್ದರಿಂದ ತಜ್ಞರನ್ನು ಕಾಣಬೇಕು.

ಎರಡು ಅಥವಾ ಹೆಚ್ಚು ಅಂಕಿಗಳು ಗಡಿ ದಾಟಿದವರಿಗೆ ಮೂರು ತಿಂಗಳ ನಂತರ ಮರುಪರೀಕ್ಷೆ. ಗಡಿಯಲ್ಲಿರುವವರಿಗೆ ಆರು ತಿಂಗಳಿಗೊಮ್ಮೆ ಸೊಂಟ ಮತ್ತು ಬಿಪಿ, ವರ್ಷಕ್ಕೊಮ್ಮೆ ರಕ್ತ. ಅಪಾಯದ ಹಿನ್ನೆಲೆಯಿದ್ದೂ ಎಲ್ಲ ಅಂಕಿಗಳು ಸರಿಯಿದ್ದವರಿಗೆ ಹೆಚ್ಚೆಂದರೆ ಮೂರು ವರ್ಷಗಳೊಳಗೆ ಮತ್ತೊಮ್ಮೆ. ಇದು ನಾವು ನಮ್ಮ ವೈದ್ಯರ ಜೊತೆ ಕೂತು ಇಟ್ಟುಕೊಂಡ ಕ್ರಮ. ನಿಮ್ಮ ವೈದ್ಯರು ಮಗುವನ್ನು ನೋಡಿ ಬದಲಿಸಬಹುದು.

ಮನೆಯಲ್ಲಿ ಮಾತಾಡುವಾಗ ‘ದಪ್ಪ’, ‘ಡುಮ್ಮ’ ಎಂಬ ಪದಗಳನ್ನು ಬಿಟ್ಟು ಅಂಕಿಯ ಬಗ್ಗೆ ಮಾತಾಡಿ. ಒಬ್ಬ ಮಗುವಿನ ತಟ್ಟೆ ಮಾತ್ರ ಬದಲಾಗದೆ ಎಲ್ಲರ ತಟ್ಟೆಯೂ ಬದಲಾಗಲಿ. ಬೆಳೆಯುವ ಮಕ್ಕಳಲ್ಲಿ ಎಷ್ಟೋ ಸಲ ತೂಕ ಇಳಿಸುವ ಅಗತ್ಯವೇ ಇರುವುದಿಲ್ಲ: ತೂಕ ಇದ್ದಲ್ಲೇ ನಿಂತು ಎತ್ತರ ಮೂರು ಸೆಂಟಿಮೀಟರ್ ಏರಿದರೂ ಬಿಎಂಐಯ ಚುಕ್ಕಿ ಕೆಳಗೆ ಬರುತ್ತದೆ. ಆ ಹಾಳೆಯನ್ನು ಫೈಲಿನಲ್ಲಿ ಮುಚ್ಚಿಡದೆ, ದಿನಾಂಕದೊಂದಿಗೆ, ಕೆಳಗೆ ಮುಂದಿನ ಅಳತೆಗೆ ಒಂದು ಖಾಲಿ ಸಾಲು ಬಿಟ್ಟು, ಮಗುವಿನ ಕೈಗೇ ಕೊಡಿ.